ಸ್ವಾನ್-ಗಾಂಜ್ ಕ್ಯಾತಿಟರ್

ಸ್ವಾನ್-ಗಾಂಜ್ ಕ್ಯಾತಿಟರ್ ಎಂಬುದು ತೀವ್ರ ನಿಗಾ ಘಟಕದಲ್ಲಿರುವ ರೋಗಿಯ ಹೃದಯದೊಳಗಿನ ಒತ್ತಡವನ್ನೂ ರಕ್ತದ ಹರಿವನ್ನೂ ಅಳೆಯಲು ಬಳಸುವ, ತುದಿಯಲ್ಲಿ ಪುಟ್ಟ ಬಲೂನುಳ್ಳ ತೆಳುವಾದ ನಳಿಕೆ. ಶ್ವಾಸಕೋಶದ ಅಪಧಮನಿಯ ಕ್ಯಾತಿಟರ್ ಎಂಬುದು ಇದರ ಇನ್ನೊಂದು ಹೆಸರು. ಇದು ಅಳತೆಯ ಸಾಧನವೇ ಹೊರತು ಚಿಕಿತ್ಸೆಯಲ್ಲ.

ಇತಿಹಾಸ

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಪಟ್ಟಣದ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತಮ್ಮದೇ ತೋಳಿನ ಅಭಿಧಮನಿಯ ಮೂಲಕ ಹೃದಯದವರೆಗೆ ನಳಿಕೆಯೊಂದನ್ನು ತೂರಿಸಿಕೊಂಡು, ಅದನ್ನು ಎಕ್ಸ್-ರೇ ಚಿತ್ರದಿಂದ ದೃಢಪಡಿಸಿದರು. ಈ ವಿಧಾನವನ್ನು ಬೆಳೆಸಿದ ಆಂಡ್ರೆ ಕೂರ್ನಾಂಡ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅವರೊಂದಿಗೆ 1956ರಲ್ಲಿ ಫೋರ್ಸ್‌ಮನ್ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ತೀರಾ ಅಸ್ವಸ್ಥರಾದವರಲ್ಲಿ, ಹಾಸಿಗೆಯ ಬಳಿಯಲ್ಲೇ, ನಳಿಕೆಯನ್ನು ಶ್ವಾಸಕೋಶದ ಅಪಧಮನಿಗೆ ತಲುಪಿಸುವುದು ಆಗಲೂ ಕಷ್ಟವಾಗಿತ್ತು. ಕಡಲತೀರದಲ್ಲಿ ಹಾಯಿ ಉಬ್ಬಿಸಿಕೊಂಡು ಸಾಗುತ್ತಿದ್ದ ದೋಣಿಯನ್ನು ಕಂಡ ಜೆರೆಮಿ ಸ್ವಾನ್ ಅವರಿಗೆ, ನಳಿಕೆಯನ್ನೂ ರಕ್ತಪ್ರವಾಹವೇ ಒಯ್ಯಬಹುದೆಂದು ಹೊಳೆಯಿತು. ಲಾಸ್ ಏಂಜಲೀಸ್‌ನಲ್ಲಿ ಸ್ವಾನ್, ವಿಲಿಯಂ ಗಾಂಜ್ ಮತ್ತು ಸಂಗಡಿಗರು ರೂಪಿಸಿದ ಬಲೂನು ಕ್ಯಾತಿಟರ್‌ನ ವಿವರ 1970ರಲ್ಲಿ ಪ್ರಕಟವಾಯಿತು.

ಕಾರ್ಯವಿಧಾನ

ಸುಮಾರು 110 ಸೆಂ.ಮೀ. ಉದ್ದದ ಈ ನಳಿಕೆಯನ್ನು ಸಾಮಾನ್ಯವಾಗಿ ಕುತ್ತಿಗೆಯ ಅಭಿಧಮನಿಯ ಮೂಲಕ ಒಳಸೇರಿಸುತ್ತಾರೆ. ಸುಮಾರು 1.5 ಮಿ.ಲೀ. ಗಾಳಿಯಿಂದ ಉಬ್ಬಿದ ಬಲೂನು ಬಲ ಹೃತ್ಕರ್ಣ ಹಾಗೂ ಬಲ ಹೃತ್ಕುಕ್ಷಿಗಳನ್ನು ದಾಟಿ ಶ್ವಾಸಕೋಶದ ಅಪಧಮನಿಯನ್ನು ಸೇರುತ್ತದೆ. ಪ್ರತಿ ಹಂತದಲ್ಲೂ ಮಾನಿಟರ್ ಮೇಲಿನ ಒತ್ತಡದ ಅಲೆಯ ಆಕಾರ ಬದಲಾಗುವುದರಿಂದ ತುದಿ ಎಲ್ಲಿದೆಯೆಂದು ತಿಳಿಯುತ್ತದೆ. ಬಲೂನು ಅಪಧಮನಿಯ ಕಿರುಶಾಖೆಯೊಂದನ್ನು ಕ್ಷಣಕಾಲ ಮುಚ್ಚಿದಾಗ ದೊರೆಯುವ ಒತ್ತಡವು ಎಡ ಹೃತ್ಕರ್ಣದ ಒತ್ತಡವನ್ನು ಸರಿಸುಮಾರು ಸೂಚಿಸುತ್ತದೆ. ಆರೋಗ್ಯವಂತರಲ್ಲಿ ಇದು ಸುಮಾರು 6ರಿಂದ 12 ಮಿ.ಮೀ. ಪಾದರಸದಷ್ಟಿರುತ್ತದೆ. ರಕ್ತದೊತ್ತಡ ಕುಸಿದ ರೋಗಿಯಲ್ಲಿ ಈ ಅಂಕಿ ಕಡಿಮೆಯಿದ್ದರೆ ದೇಹದಲ್ಲಿ ದ್ರವದ ಕೊರತೆಯನ್ನೂ, ಹೆಚ್ಚಿದ್ದರೆ ಹೃದಯದ ಎಡಭಾಗದ ದೌರ್ಬಲ್ಯವನ್ನೂ ಶಂಕಿಸಬೇಕಾಗುತ್ತದೆ. ಮೊದಲನೆಯವರಿಗೆ ಜೀವ ಉಳಿಸುವ ಸಲೈನ್, ಎರಡನೆಯವರ ಶ್ವಾಸಕೋಶದಲ್ಲಿ ನೀರು ತುಂಬಿಸಬಹುದು. ತಣ್ಣನೆಯ ದ್ರಾವಣವನ್ನು ಒಳಹಾಯಿಸಿ, ರಕ್ತದ ಉಷ್ಣತೆಯ ಏರಿಳಿತದಿಂದ ಹೃದಯವು ನಿಮಿಷಕ್ಕೆ ಹೊರದೂಡುವ ರಕ್ತದ ಪ್ರಮಾಣವನ್ನೂ ಲೆಕ್ಕಹಾಕಬಹುದು.

ಅಪಾಯಗಳು

ಹೃದಯ ಬಡಿತದ ಲಯ ತಪ್ಪುವುದು, ಸೋಂಕು, ರಕ್ತ ಹೆಪ್ಪುಗಟ್ಟುವುದು ಇದರ ತೊಡಕುಗಳು. ಅಪಧಮನಿ ಹರಿಯುವುದು ಅಪರೂಪ, ಆದರೆ ಮಾರಣಾಂತಿಕವಾಗಬಲ್ಲದು.

ವಿವಾದ ಮತ್ತು ಇಂದಿನ ಬಳಕೆ

1996ರಲ್ಲಿ ಅಮೆರಿಕದ 5,735 ರೋಗಿಗಳ ಅಧ್ಯಯನವೊಂದು, ಕ್ಯಾತಿಟರ್ ಅಳವಡಿಸಿದವರಲ್ಲಿ ಸಾವು ಹೆಚ್ಚೆಂದು ವರದಿ ಮಾಡಿತು. 2005ರಲ್ಲಿ ಪ್ರಕಟವಾದ ಎರಡು ಯಾದೃಚ್ಛಿಕ ಪ್ರಯೋಗಗಳಲ್ಲಿ, ಅಂದರೆ ಬ್ರಿಟನ್ನಿನ ಪ್ಯಾಕ್-ಮ್ಯಾನ್ ಹಾಗೂ ತೀವ್ರ ಹೃದಯ ವೈಫಲ್ಯವುಳ್ಳವರ ಮೇಲೆ ನಡೆದ ಎಸ್ಕೇಪ್‌ನಲ್ಲಿ, ಸಾವು ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಅಂಕಿಯನ್ನು ತಪ್ಪಾಗಿ ಓದಿದರೆ, ಅಥವಾ ಅದಕ್ಕೆ ತಕ್ಕ ಚಿಕಿತ್ಸೆಯೇ ಇಲ್ಲದಿದ್ದರೆ, ಅಳತೆಯೊಂದರಿಂದಲೇ ರೋಗಿಗೆ ಪ್ರಯೋಜನವಾಗದು. ಎಕೋಕಾರ್ಡಿಯೋಗ್ರಫಿ ಬಳಕೆಗೆ ಬಂದ ಮೇಲೆ ಈ ಕ್ಯಾತಿಟರ್‌ನ ಬಳಕೆ ಬಹಳ ತಗ್ಗಿದೆ. ಇಂದು ಇದನ್ನು ಮುಖ್ಯವಾಗಿ ಹೃದಯಾಘಾತದ ನಂತರ ರಕ್ತದೊತ್ತಡ ತೀವ್ರವಾಗಿ ಕುಸಿದವರು, ಶ್ವಾಸಕೋಶದ ಅಪಧಮನಿಯ ಅಧಿಕ ಒತ್ತಡವುಳ್ಳವರು ಹಾಗೂ ಹೃದಯ ಕಸಿಗೆ ಸಿದ್ಧರಾಗುತ್ತಿರುವವರಂತಹ ಆಯ್ದ ರೋಗಿಗಳಲ್ಲಿ ಬಳಸುತ್ತಾರೆ.