ವಾಚು, ಪಹರೆ, ಜಾವ

ಇಂಗ್ಲಿಷಿನ ‘ವಾಚ್’ ಪದವನ್ನು ನಾವು ಬಿಡಿಬಿಡಿಯಾಗಿ ಬರಮಾಡಿಕೊಂಡೆವು. ಮುಂಗೈಗೆ ವಾಚು ಬಂತು, ಗೇಟಿಗೆ ವಾಚ್‌ಮನ್ ಬಂದ. ಇವೆರಡಕ್ಕೂ ಏನು ನಂಟು?

ನಂಟು ಇರುವುದು ನಿದ್ದೆಗೇಡಿನಲ್ಲಿ. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲಾರ್ಥ ‘ಎಚ್ಚರವಾಗಿರು’ ಎಂದು. ‘ವೇಕ್’ ಅದರ ಒಡಹುಟ್ಟು. ರಾತ್ರಿಯಿಡೀ ಎಚ್ಚರವಿದ್ದವನು ಕಾವಲುಗಾರನಾದ. 1285ರ ವಿಂಚೆಸ್ಟರ್ ಶಾಸನ ಇಂಗ್ಲೆಂಡಿನ ಊರುಗಳು ಬೇಸಗೆಯ ತಿಂಗಳುಗಳಲ್ಲಿ ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗೆ ಕಾವಲಿಡಬೇಕೆಂದು ಕಟ್ಟಳೆ ಮಾಡಿತು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅಪರಿಚಿತನನ್ನು ಬೆಳಗಾಗುವವರೆಗೆ ಹಿಡಿದಿಡಬೇಕಿತ್ತು.

ಎಚ್ಚರ ಕಾಲದ ಅಳತೆಯಾದ ಬಗೆ ಹಡಗಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ‘ವಾಚ್’ ಎಂದರೆ ನಾಲ್ಕು ಗಂಟೆಯ ಪಾಳಿ. ಆ ಪಾಳಿಯಲ್ಲಿ ದುಡಿಯುವ ತಂಡಕ್ಕೂ ಅದೇ ಹೆಸರು. ಅರ್ಧ ಗಂಟೆಯ ಮರಳುಗಡಿಯಾರ ಬರಿದಾದಾಗಲೆಲ್ಲ ಅದನ್ನು ತಿರುಗಿಸಿ ಗಂಟೆ ಹೊಡೆಯುತ್ತಿದ್ದರು. ಎಂಟು ಏಟು ಬಿದ್ದರೆ ಪಾಳಿ ಮುಗಿಯಿತು. ದಿನಕ್ಕೆ ಆರೇ ಪಾಳಿಗಳಾದರೆ ನಡುರಾತ್ರಿಯ ಪಾಳಿ ಸದಾ ಒಂದೇ ತಂಡದ ತಲೆಗೆ ಬೀಳುತ್ತದಲ್ಲ! ಅದಕ್ಕೇ ಸಂಜೆ ನಾಲ್ಕರಿಂದ ಎಂಟರವರೆಗಿನ ಪಾಳಿಯನ್ನು ಎರಡಾಗಿ ಸೀಳಿ ಏಳು ಮಾಡಿದರು. ನಿದ್ದೆಯನ್ನು ಇಷ್ಟು ನ್ಯಾಯವಾಗಿ ಹಂಚಿದ ಲೆಕ್ಕ ನನಗಂತೂ ಬೇರೆಡೆ ಸಿಕ್ಕಿಲ್ಲ.

15ನೇ ಶತಮಾನದಲ್ಲಿ ಮಲಗಿದವರನ್ನು ಎಬ್ಬಿಸುವ ಗಡಿಯಾರಕ್ಕೂ ಈ ಹೆಸರು ಬಂತು. 16ನೆಯದು ಮುಗಿಯುವ ಹೊತ್ತಿಗೆ ಜೇಬಿನಲ್ಲಿಡುವ ಚಿಕ್ಕ ಗಡಿಯಾರಕ್ಕೆ ಅದೇ ನಿಂತಿತು. ಮುಂದೆ ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ ಮಾಡಿದ ಸುಮಾರು 13 ಸೆಂಟಿಮೀಟರ್ ಅಗಲದ ವಾಚು 1761ರಲ್ಲಿ ಜಮೈಕಾಕ್ಕೆ ಹಡಗು ಹತ್ತಿತು. 81 ದಿನಗಳಲ್ಲಿ, ಮೊದಲೇ ಗೊತ್ತಿದ್ದ ದಿನದಿನದ ವ್ಯತ್ಯಾಸ ಕಳೆದು ನೋಡಿದರೆ, ಅದು ತಪ್ಪಿದ್ದು ಸುಮಾರು ಐದು ಸೆಕೆಂಡು. ಆಮೇಲೆ ನಡುಗಡಲಿನಲ್ಲಿ ರೇಖಾಂಶ ತಿಳಿಯಲು ಇಂಥ ವಾಚೇ ಆಧಾರವಾಯಿತು. ರಾತ್ರಿ ಎಚ್ಚರವಿರುವ ಕೆಲಸ ಮಾತ್ರ ನಾವಿಕನಿಗೆ ತಪ್ಪಲಿಲ್ಲ.

ಇಂಗ್ಲಿಷು ಕಾವಲಿನಿಂದ ಕಾಲಕ್ಕೆ ನಡೆದರೆ ನಮ್ಮ ಕಡೆ ದಾರಿ ತಿರುಗುಮುರುಗು. ಹಗಲಿರುಳನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ಪ್ರಹರ, ಮೂರು ಗಂಟೆ. ಆ ಪ್ರಹರವೇ ಹಿಂದಿಯಲ್ಲಿ ಸವೆದು, ಕಾವಲು ಎಂಬ ಅರ್ಥದ ‘ಪಹರೆ’ಯಾಗಿ ನಮಗೆ ಬಂತು. ಪ್ರಹರಕ್ಕೇ ಇನ್ನೊಂದು ಹೆಸರು ಯಾಮ. ಅದು ಕನ್ನಡದ ಬಾಯಲ್ಲಿ ಜಾವ. ಸಂಸ್ಕೃತದಲ್ಲಿ ಯಾಮಿಕನೆಂದರೆ ರಾತ್ರಿ ಕಾಯುವವನು. ಬೆಳಗಿನ ಜಾವ ಎನ್ನುವಾಗ ಅವನ ನೆನಪು ನಮಗೆ ಬರುವುದಿಲ್ಲ, ಅಷ್ಟೆ.

ನನಗೆ ಹೆಚ್ಚು ಇಷ್ಟವಾಗುವುದು ನಮ್ಮ ‘ಕಾಯು’. ಹೊಲವನ್ನೂ ಕಾಯುತ್ತೇವೆ, ಬಸ್ಸಿಗೂ ಕಾಯುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ವಾಚ್’, ಎರಡನೆಯದು ‘ವೇಟ್’. ಈ ‘ವೇಟ್’ ಫ್ರೆಂಚಿನ ಮನೆ ಹೊಕ್ಕು ಬಂದದ್ದಾದರೂ ಅದರ ಬೇರು ಅದೇ ಜರ್ಮಾನಿಕ್ ಎಚ್ಚರ. ಫ್ರೆಂಚಿನಲ್ಲಿದ್ದಾಗ ಅದರ ಅರ್ಥವೂ ಕಾವಲಿರು ಎಂದೇ ಇತ್ತು.