ಶಿಶುವಿಹಾರದ ಅಂಗಳ

ಶಿಶುವಿಹಾರವನ್ನು ತೆರೆಯಲು ಹೊರಟವರು ಮೊದಲು ಕಟ್ಟಡವನ್ನು ನೋಡುತ್ತಾರೆ. ಅಂಗಳದ ಯೋಚನೆ ಆಮೇಲೆ. ಯೋಚಿಸಿದಾಗಲೂ, ಮಗು ಬಿದ್ದೀತೆಂಬ ಭಯದಿಂದ ಅಲ್ಲಿರುವುದನ್ನೆಲ್ಲ ತೆಗೆಸಿ, ನೆಲಕ್ಕೆ ಗಾರೆ ಹಾಕಿಸಿ, ಇನ್ನು ಕ್ಷೇಮವೆಂದು ಸಮಾಧಾನಪಡುವುದುಂಟು. ಈ ಸಮಾಧಾನವು ಸರಿಯಾದುದೇ? ಆಟದ ಅಂಗಳದ ಚರಿತ್ರೆಯನ್ನು ಕೇಳಿ ನೋಡೋಣ.

1885ರಲ್ಲಿ ಅಮೆರಿಕದ ಬಾಸ್ಟನ್ ನಗರದ ಪಾರ್ಮೆಂಟರ್ ಬೀದಿಯ ಪ್ರಾರ್ಥನಾಮಂದಿರದ ಅಂಗಳದಲ್ಲಿ ಒಂದು ರಾಶಿ ಮರಳನ್ನು ಸುರಿಸಿದರು. ಬರ್ಲಿನ್ನಿನ ಉದ್ಯಾನಗಳಲ್ಲಿ ಮಕ್ಕಳು ಮರಳಿನಲ್ಲಿ ಆಡುವುದನ್ನು ಕಂಡ ಮರೀ ಜಾಕ್ಶೆಫ್ಸ್ಕ ಎಂಬ ವೈದ್ಯೆ ಬರೆದ ಪತ್ರವೇ ಇದಕ್ಕೆ ಕಾರಣ. ಅಮೆರಿಕದ ಆಟದ ಬಯಲುಗಳ ಚರಿತ್ರೆಯನ್ನು ಈ ಮರಳಿನ ರಾಶಿಯಿಂದಲೇ ಆರಂಭಿಸುವುದು ವಾಡಿಕೆ.

1914ರಲ್ಲಿ ಲಂಡನ್ನಿನ ಡೆಟ್‌ಫರ್ಡ್ ಎಂಬ ಬಡವರ ಕೇರಿಯಲ್ಲಿ ಮಾರ್ಗರೆಟ್ ಮತ್ತು ರೇಚಲ್ ಮ್ಯಾಕ್‌ಮಿಲನ್ ಸೋದರಿಯರು ಬಯಲು ಶಿಶುಶಾಲೆಯನ್ನು ತೆರೆದರು. ಅಲ್ಲಿ ತೋಟವೇ ಶಾಲೆ; ಕಟ್ಟಡಗಳು ಮಳೆಗಾಳಿಗೆ ಆಸರೆ ಮಾತ್ರ. ಗಿಡ, ಹೂವು, ತರಕಾರಿಗಳ ನಡುವೆ ಎಳೆಯರು ದಿನವನ್ನು ಕಳೆದರು.

ಮೂರನೆಯ ಪ್ರಯೋಗವು ಇನ್ನೂ ಸಾಹಸದ್ದು. ತಾನು ರಚಿಸಿದ ಅಂದವಾದ ಆಟದ ಬಯಲುಗಳಿಗಿಂತ ಹಳೆಯ ಸಾಮಾನಿನ ರಾಶಿಗಳೇ ಮಕ್ಕಳಿಗೆ ಪ್ರಿಯವೆಂಬುದನ್ನು ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸೋರೆನ್ಸನ್ ಗಮನಿಸಿದ್ದನು. 1943ರಲ್ಲಿ, ದೇಶವು ಜರ್ಮನರ ವಶದಲ್ಲಿದ್ದಾಗಲೇ, ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ ಅವನ ಕಲ್ಪನೆಯು ಕಾರ್ಯಕ್ಕೆ ಬಂದಿತು. ಮಕ್ಕಳ ಕೈಗೆ ಹಲಗೆ, ಇಟ್ಟಿಗೆ, ಸುತ್ತಿಗೆ, ಮೊಳೆಗಳನ್ನೇ ಕೊಟ್ಟರು. ಅವಿವೇಕವೆಂದು ತೋರಬಹುದು. ಆದರೆ ಸುತ್ತಲೂ ಮಣ್ಣಿನ ದಿಬ್ಬವೂ ಬೇಲಿಯೂ ಇದ್ದುವು. ಒಳಗೆ ಜಾನ್ ಬೆರ್ಟೆಲ್ಸನ್ ಎಂಬ ಮೇಲ್ವಿಚಾರಕನಿದ್ದನು. 1946ರಲ್ಲಿ ಅದನ್ನು ನೋಡಿದ ಲೇಡಿ ಆಲನ್ ಆ ವಿಚಾರವನ್ನು ಇಂಗ್ಲೆಂಡಿಗೆ ಒಯ್ದರು. ಬಾಂಬುಗಳಿಂದ ಹಾಳಾಗಿದ್ದ ನಿವೇಶನಗಳು ಅಲ್ಲಿ ಮಕ್ಕಳ ಪಾಲಾದುವು.

ಅನಂತರದ ಶಾಸ್ತ್ರವು ಈ ಅನುಭವಕ್ಕೆ ಅಳತೆಯನ್ನು ಕೊಟ್ಟಿದೆ. ಆಟದ ಬಯಲಿನ ಕ್ಷೇಮವನ್ನು ಕುರಿತು ಅಮೆರಿಕದ ಸರ್ಕಾರವು 1981ರಲ್ಲಿ ಮೊದಲು ಹೊರಡಿಸಿದ ಕೈಪಿಡಿಯ 2010ರ ಆವೃತ್ತಿಯಂತೆ, 9 ಅಂಗುಲ ದಪ್ಪದ ಮರಳು 4 ಅಡಿ ಎತ್ತರದಿಂದ ಬೀಳುವ ಮಗುವಿಗೆ ರಕ್ಷಣೆ ಕೊಡಬಲ್ಲದು. ಏರುವ ಸಾಧನಗಳ ಕೆಳಗೆ ಗಾರೆಯ ನೆಲವು ಸಲ್ಲದು. ನಾವು ಮೆತ್ತಗೆಂದು ನಂಬಿರುವ ಹುಲ್ಲು ಕೂಡ ಸಾಲದು. ಬಾಸ್ಟನ್ನಿನಲ್ಲಿ ಆಟಿಕೆಯಾಗಿ ಬಂದ ಮರಳು ಹೀಗೆ ಹಾಸಿಗೆಯೂ ಆಯಿತು!

ಆದುದರಿಂದ ಅಂಗಳವನ್ನು ಯೋಜಿಸುವವರು ಮೊದಲು ನೆಲವನ್ನು ನೋಡಲಿ. ಬೀದಿಗೂ ಅಂಗಳಕ್ಕೂ ನಡುವೆ ಬೇಲಿ ಇರಲಿ. ಎಳೆಯರ ಎಡೆ ದೊಡ್ಡವರ ಓಟದಿಂದ ಬೇರೆಯಾಗಿರಲಿ. ಮೇಲ್ವಿಚಾರಕಿಯ ಕಣ್ಣಿಗೆ ಮರೆಯಾದ ಮೂಲೆ ಇಲ್ಲದಿರಲಿ. ಇಷ್ಟಾದ ಮೇಲೆ ಏರುವುದಕ್ಕೆ ಏನಾದರೂ ಇರಲೇಬೇಕು. ಏರಗೊಡದ ಮಾತ್ರಕ್ಕೆ ಮಗು ಏರುವುದನ್ನು ಬಿಡುವುದಿಲ್ಲ; ಕೆಳಗೆ ಮರಳೂ ಇಲ್ಲದ, ನೋಡುವವರೂ ಇಲ್ಲದ ಕಡೆಗೆ ಹೋಗಿ ಏರುತ್ತದೆ.