ಸಾಲಾರ್ ಜಂಗ್ ಸಂಗ್ರಹ: ಎಡೆದೊರೆ ನಾಡಿನ ನಂಟು

ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಜನರಿಗೆ ಹೈದರಾಬಾದ್ ಇಂದು ನೆರೆರಾಜ್ಯದ ರಾಜಧಾನಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದು ಅವರದೇ ರಾಜಧಾನಿಯಾಗಿತ್ತು. ಅಲ್ಲಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿರುವ ಹತ್ತೊಂಬತ್ತನೆಯ ಶತಮಾನದ ಕಲಾಕೃತಿಗಳಿಗೂ ಈ ಸೀಮೆಯ ಚರಿತ್ರೆಗೂ ನಂಟಿದೆ.

ದಿವಾನರ ಕಾಲ

ಕೃಷ್ಣಾ–ತುಂಗಭದ್ರಾ ನಡುವಿನ ಎಡೆದೊರೆ ನಾಡನ್ನು, ಅಂದರೆ ರಾಯಚೂರು ದೋಆಬನ್ನು, ನಿಜಾಮರು 1853ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಅದೇ ವರ್ಷ ದಿವಾನರಾದ ಮೊದಲನೆಯ ಸಾಲಾರ್ ಜಂಗ್, ಮೀರ್ ತುರಾಬ್ ಅಲಿ ಖಾನ್, 1857ರಲ್ಲಿ ಬ್ರಿಟಿಷರ ಪರ ನಿಂತರು. 1860ರಲ್ಲಿ ಈ ಪ್ರದೇಶ ಮರಳಿ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು. ಸಂಗ್ರಹದ ಅತ್ಯಂತ ಪ್ರಸಿದ್ಧ ಶಿಲ್ಪವನ್ನು 1876ರ ಯುರೋಪ್ ಪ್ರವಾಸದಲ್ಲಿ ಕೊಂಡು ತಂದವರೂ ಇವರೇ.

ಮುಸುಕಿನ ರೆಬೆಕ್ಕಾ

ಇಟಲಿಯ ಶಿಲ್ಪಿ ಜೊವಾನಿ ಮರಿಯಾ ಬೆನ್ಜೋನಿ (1809–1873) ಕಡೆದ ಈ ಅಮೃತಶಿಲೆಯ ಪ್ರತಿಮೆ ಬೈಬಲ್‌ನ ರೆಬೆಕ್ಕಾಳದು. ವರ ಇಸಾಕನನ್ನು ಕಂಡೊಡನೆ ಆಕೆ ಮುಸುಕೆಳೆದುಕೊಂಡ ಗಳಿಗೆ ಇಲ್ಲಿ ರೂಪುಗೊಂಡಿದೆ. ಮುಖವೂ ಮುಸುಕೂ ಒಂದೇ ಕಲ್ಲಿನವು. ಆದರೂ ತೆಳು ಬಟ್ಟೆಯ ಹಿಂದೆ ಮುಖ ಕಂಡಂತೆ ಭಾಸವಾಗುತ್ತದೆ. ಬೆನ್ಜೋನಿ ಇದೇ ಕೃತಿಯ ಹಲವು ಪ್ರತಿಗಳನ್ನು ರಚಿಸಿದ್ದು, ಹೈದರಾಬಾದಿನದು ಅವುಗಳಲ್ಲೊಂದು.

ಜೋಡಿ ಪ್ರತಿಮೆ, ವರ್ಣಚಿತ್ರಗಳು

ಮತ್ತೊಂದು ಆಕರ್ಷಣೆ, ಒಂದೇ ಮರದ ದಿಮ್ಮಿಯಲ್ಲಿ ಕೆತ್ತಿದ ಜೋಡಿ ಪ್ರತಿಮೆ. ಮುಂಭಾಗದಲ್ಲಿ ಗಯಟೆಯ ‘ಫೌಸ್ಟ್’ ನಾಟಕದ ಮೆಫಿಸ್ಟೋಫಿಲಿಸ್ ದರ್ಪದಿಂದ ನಿಂತಿದ್ದಾನೆ. ಹಿಂಬದಿಯ ಕನ್ನಡಿಯಲ್ಲಿ ಕಾಣುವವಳು ಪ್ರಾರ್ಥನಾ ಪುಸ್ತಕ ಹಿಡಿದು ತಲೆತಗ್ಗಿಸಿದ ಮಾರ್ಗರೆಟ್ಟಾ. ಆತನ ಬೆನ್ನೇ ಆಕೆಯ ಮುಂಭಾಗ.

ಚಿತ್ರಶಾಲೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಹಯೇಜ್ (1791–1882) ರಚಿಸಿದ ‘ಸೋಪ್ ಬಬಲ್ಸ್’ ಇದೆ. ಯುರೋಪಿನ ತೈಲವರ್ಣ ವಿಧಾನವನ್ನು ಭಾರತೀಯ ವಸ್ತುವಿಗೆ ಒಗ್ಗಿಸಿದ ರಾಜಾ ರವಿವರ್ಮ (1848–1906) ಅವರ ಕೃತಿಗಳೂ ಇವೆ.

ಖಾಸಗಿ ಆಸ್ತಿ, ಸಾರ್ವಜನಿಕ ಸೊತ್ತು

ಸಂಗ್ರಹದ ಬಹುಪಾಲನ್ನು ಕೂಡಿಸಿದವರು ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್. ಅವಿವಾಹಿತರಾಗಿದ್ದ ಅವರು 1949ರಲ್ಲಿ ನಿಧನರಾದಾಗ ಎಲ್ಲವೂ ವಾರಸುದಾರರಲ್ಲಿ ಹಂಚಿಹೋಗುವ ಸಂಭವವಿತ್ತು. 1951ರ ಡಿಸೆಂಬರ್ 16ರಂದು ಪ್ರಧಾನಿ ನೆಹರೂ ಸಂಗ್ರಹಾಲಯವನ್ನು ಉದ್ಘಾಟಿಸಿದರು. ಮುಂದೆ ವಾರಸುದಾರರು ರಾಜಿ ಒಪ್ಪಂದದ ಮೂಲಕ ಸಂಗ್ರಹವನ್ನು ಸರ್ಕಾರಕ್ಕೆ ಒಪ್ಪಿಸಿದರು. 1961ರ ಸಂಸತ್ತಿನ ಕಾಯ್ದೆ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. 1968ರಲ್ಲಿ ಅದು ಮೂಸಿ ನದಿ ದಂಡೆಯ ಈಗಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿತು.

ರಾಜ್ಯಗಳ ಗಡಿ ಬದಲಾದರೂ, ಎಡೆದೊರೆ ನಾಡು ಸಂಸ್ಥಾನದ ಭಾಗವಾಗಿದ್ದ ಕಾಲದಲ್ಲಿ ಕೂಡಿದ ಈ ಸಂಗ್ರಹ ಒಡೆಯದೆ ಉಳಿದು, ಎಲ್ಲರ ಸೊತ್ತಾಗಿದೆ.